ಮಳೆಗಾಲದ ಜಗುಲಿಯಲ್ಲೊಂದು ಒರಗು ಸೈಕಲ್: ಪ್ರಾಸ್ಟೇಟ್ ನಿಗಾದಲ್ಲಿರುವವರಿಗಾಗಿ

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಇದ್ದು, ಸದ್ಯಕ್ಕೆ ಚಿಕಿತ್ಸೆ ಬೇಡ, ನಿಗಾ ಇಟ್ಟರೆ ಸಾಕು ಎಂದು ವೈದ್ಯರಿಂದ ಹೇಳಿಸಿಕೊಂಡವರು ಮನೆಯ ವ್ಯಾಯಾಮಕ್ಕೆ ಒಂದೇ ಒಂದು ಸಲಕರಣೆ ಕೊಳ್ಳುವುದಾದರೆ ಬೆನ್ನಿಗೆ ಒರಗು ಇರುವ ಸೈಕಲ್ ಕೊಳ್ಳಿ. ಅಂಗಡಿಯವರು ಇದನ್ನು ರಿಕಂಬೆಂಟ್ ಬೈಕ್ ಎನ್ನುತ್ತಾರೆ. ಟ್ರೆಡ್‌ಮಿಲ್ ಬೇಡ, ನೆಟ್ಟಗೆ ಕುಳಿತು ತುಳಿಯುವ ಸಾಮಾನ್ಯ ಸೈಕಲ್ಲೂ ಬೇಡ. ಇದರ ಜೊತೆಗೆ ರಬ್ಬರ್ ಪಟ್ಟಿಗಳ ಒಂದು ಕಟ್ಟು ಇರಲಿ. ಈ ಎರಡನ್ನೂ, ಇವನ್ನು ಬಳಸುವುದಕ್ಕೆ ನಾನು ಪಡೆದ ಎರಡು ಬಗೆಯ ಫಿಸಿಯೋಥೆರಪಿ ಸೇವೆಗಳನ್ನೂ ಕುರಿತು ಬರೆಯುತ್ತಿದ್ದೇನೆ. ಸೈಕಲ್ಲಿನ ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ಅಚ್ಚಿನ ಸೈಕಲ್ ಬೇರೆ ಬೇರೆ ಹೆಸರು ಅಂಟಿಸಿಕೊಂಡು ಮಾರಾಟವಾಗುವುದನ್ನು ನೋಡಿದ್ದೇನೆ. ನೀವು ಕೊಳ್ಳುವಾಗ ಹೆಸರಿಗಿಂತ ಕಟ್ಟುವಿಕೆಯನ್ನೇ ನೋಡಬೇಕಾಗುತ್ತದೆ.

ನಮ್ಮದು ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ವಯಸ್ಸು ಅರವತ್ತಾರು. ಬಯಾಪ್ಸಿಯಲ್ಲಿ, ಅಂದರೆ ಗ್ರಂಥಿಯ ಚೂರು ತೆಗೆದು ನೋಡಿದಾಗ, ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಅಂಕ 6, ಅಂದರೆ 3 ಮತ್ತು 3; ನಿಧಾನಗತಿಯ ಗಡ್ಡೆ. ಆರು ತಿಂಗಳಿಗೊಮ್ಮೆ, ಪ್ರಾಸ್ಟೇಟಿನಿಂದ ರಕ್ತಕ್ಕೆ ಸೇರುವ ಪ್ರೋಟೀನನ್ನು ಅಳೆಯುವ ಪಿಎಸ್‌ಎ ರಕ್ತಪರೀಕ್ಷೆ, ವೈದ್ಯರು ಹೇಳಿದಾಗ ಎಂಆರ್‌ಐ, ಅಗತ್ಯವಿದ್ದರೆ ಮತ್ತೊಮ್ಮೆ ಬಯಾಪ್ಸಿ. ನೆಂಟರು ಕೇಳುವ ಪ್ರಶ್ನೆ ಒಂದೇ: "ಕ್ಯಾನ್ಸರ್ ಇಟ್ಟುಕೊಂಡು ಸುಮ್ಮನೆ ಕೂತಿದ್ದೀರಲ್ಲ?" ಅವರಿಗೆ ನಾನು ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದ ಲೆಕ್ಕ ಹೇಳುತ್ತೇನೆ. 1643 ಗಂಡಸರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ಬರಿಯ ನಿಗಾ ಎಂದು ಹಂಚಿ ಸುಮಾರು 15 ವರ್ಷ ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ಒಟ್ಟು ಶೇ. 2.7ರಷ್ಟು ಮಾತ್ರ, ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ರೋಗ ದೇಹದ ಬೇರೆ ಕಡೆಗೆ ಹಬ್ಬಿದ್ದು ನಿಗಾದ ಗುಂಪಿನಲ್ಲಿ ಶೇ. 9.4, ಉಳಿದೆರಡರಲ್ಲಿ ಶೇ. 5ರ ಆಸುಪಾಸು. ಈ ಎರಡನೆಯ ಲೆಕ್ಕವನ್ನೂ ಮುಚ್ಚಿಡದೆ ಹೇಳುತ್ತೇನೆ. ನಿಗಾ ಎಂದರೆ ಮರೆತುಬಿಡುವುದಲ್ಲ, ತಪಾಸಣೆಯ ದಿನ ತಪ್ಪಿಸುವಂತಿಲ್ಲ ಎಂಬುದು ಅವರಿಗೂ ತಿಳಿಯಲಿ.

ಇನ್ನು ಕಡಿಮೆ ಅಪಾಯದ ಪ್ರಾಸ್ಟೇಟ್ ಕ್ಯಾನ್ಸರ್ ಇರುವ ನಮ್ಮಂಥವರನ್ನು ಕೊನೆಗೆ ಕರೆದೊಯ್ಯುವುದು ಹೆಚ್ಚಾಗಿ ಹೃದಯದ ಕಾಯಿಲೆಯೇ ಹೊರತು ಪ್ರಾಸ್ಟೇಟ್ ಅಲ್ಲ. ಇದನ್ನು ಶಿವಮೊಗ್ಗದ ತಜ್ಞರು ಹೇಳಿದಾಗ ವ್ಯಾಯಾಮದ ಮಾತು ನನಗೆ ಬರಿಯ ಉಪದೇಶವಾಗಿ ಕೇಳಿಸಲಿಲ್ಲ.

ತೋಟದವನಿಗೆ ವ್ಯಾಯಾಮ ಯಾಕೆ ಎನ್ನುವವರಿದ್ದಾರೆ. ಈಗಿನ ತೋಟದ ಕೆಲಸದಲ್ಲಿ ಯಜಮಾನ ಏದುಸಿರು ಬಿಡುವ ಸಂದರ್ಭ ಎಷ್ಟಿದೆ? ಅಡಿಕೆ ಕೊನೆ ಇಳಿಸುವವರು ಬೇರೆ, ಔಷಧಿ ಹೊಡೆಯುವವರು ಬೇರೆ. ನಾವು ಕೆಳಗೆ ನಿಂತು ಮೇಲೆ ನೋಡುತ್ತೇವೆ. ಬೇಸಿಗೆಯಲ್ಲಾದರೆ ಸೊಪ್ಪಿನಬೆಟ್ಟದ ಏರು ಹತ್ತಿ ಬರಬಹುದು. ಜೂನ್ ಬಂತೆಂದರೆ ಅದೂ ಇಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದಾದ ಹುಲಿಕಲ್ ನಮ್ಮ ತಾಲ್ಲೂಕಿನದೇ. ಅಂಗಳದಲ್ಲಿ ಪಾಚಿ, ಕಾಲುದಾರಿಯಲ್ಲಿ ಇಂಬಳ, ಸಂಕದ ಮೇಲೆ ಜಾರಿಕೆ. ಅರವತ್ತು ದಾಟಿದವರು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಕ್ಯಾನ್ಸರಿಗಿಂತ ಮೊದಲು ಅದೇ ಮಲಗಿಸುತ್ತದೆ. ಆದ್ದರಿಂದ ಮನೆಯೊಳಗೇ ಆಗುವ ವ್ಯಾಯಾಮ ಬೇಕಾಯಿತು.

ಟ್ರೆಡ್‌ಮಿಲ್ ಬೇಡ ಎಂದದ್ದಕ್ಕೆ ಮೊದಲ ಕಾರಣ ಕರೆಂಟು. ಆಷಾಢದಲ್ಲಿ ನಮ್ಮ ಕಡೆ ಒಂದು ಮರ ತಂತಿಯ ಮೇಲೆ ಬಿದ್ದರೆ ಮೂರು ದಿನ ಕತ್ತಲೆ. ಓಡುತ್ತಿರುವಾಗ ಪಟ್ಟಿ ಗಕ್ಕನೆ ನಿಂತರೆ ಆಗುವ ಅನಾಹುತ ಬೇರೆ. ಒರಗು ಸೈಕಲ್ಲಿಗೆ ಕರೆಂಟು ಬೇಡ. ಒಳಗಿನ ಚಕ್ರದ ಹತ್ತಿರಕ್ಕೆ ಅಯಸ್ಕಾಂತ ಬಂದಷ್ಟೂ ತುಳಿತ ಬಿಗಿಯಾಗುತ್ತದೆ. ಅದನ್ನು ಹತ್ತಿರ ತರುವುದು ಕೈಯಲ್ಲಿ ತಿರುಗಿಸುವ ಗುಂಡಿ. ಒಂದರಿಂದ ಎಂಟರವರೆಗೆ ಅಂಕಿಗಳಿವೆ. ಎದುರಿನ ಪುಟ್ಟ ಪರದೆಗೆ ಮಾತ್ರ ಎರಡು ಸಣ್ಣ ಬ್ಯಾಟರಿ ಸೆಲ್ ಸಾಕು. ಅಯಸ್ಕಾಂತ ಚಕ್ರಕ್ಕೆ ಉಜ್ಜದ್ದರಿಂದ ಸದ್ದೂ ಇಲ್ಲ. ಜಗುಲಿಯ ಒಂದು ತುದಿಯಲ್ಲಿ ನಾನು ತುಳಿಯುತ್ತಿದ್ದರೆ ಇನ್ನೊಂದು ತುದಿಯಲ್ಲಿ ಮೊಮ್ಮಗಳು ಮಧ್ಯಾಹ್ನದ ನಿದ್ದೆ ಮಾಡುತ್ತಾಳೆ.

ಎರಡನೆಯದು ಸೀಟಿನ ಸಂಗತಿ. ಇದು ನಮ್ಮಂಥವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಸಾಮಾನ್ಯ ಸೈಕಲ್ಲಿನ ಕಿರಿದಾದ ಸೀಟಿನಲ್ಲಿ ಮೈಭಾರದ ಬಹುಪಾಲು ತೊಡೆಗಳ ಸಂದಿನ ಮೇಲೆ ಬೀಳುತ್ತದೆ. ಪ್ರಾಸ್ಟೇಟ್ ಇರುವುದು ಅದಕ್ಕೆ ತೀರ ಸಮೀಪದಲ್ಲಿ. ಅಲ್ಲಿ ಜೋಮು, ನೋವು, ಮೂತ್ರದ ಕಿರಿಕಿರಿ ಆದವರು ಹಲವರಿದ್ದಾರೆ. ಒರಗು ಸೈಕಲ್ಲಿನ ಸೀಟು ಅಗಲ, ಕುರ್ಚಿಯ ಹಾಗೆ. ಭಾರ ಪೃಷ್ಠಕ್ಕೂ ಬೆನ್ನಿಗೂ ಹಂಚಿಹೋಗುತ್ತದೆ, ಕಾಲುಗಳು ಮುಂದಕ್ಕೆ ಚಾಚುತ್ತವೆ. ಮೊಣಕಾಲು ನೋವಿರುವ ನನಗೆ ಅದೂ ಅನುಕೂಲವಾಗಿದೆ.

ಸೀಟು ಎಷ್ಟೇ ಮೆತ್ತಗಿರಲಿ, ರಕ್ತಪರೀಕ್ಷೆಗೆ ಮುಂಚಿನ 48 ಗಂಟೆ ನಾನು ಸೈಕಲ್ ಮುಟ್ಟುವುದಿಲ್ಲ. ಪಿಎಸ್‌ಎ ಪರೀಕ್ಷೆಗೆ ಎರಡು ದಿನ ಮುಂಚೆ ಬಿರುಸಿನ ವ್ಯಾಯಾಮ, ಅದರಲ್ಲೂ ಸೈಕಲ್ ತುಳಿಯುವುದು, ಹಾಗೆಯೇ ವೀರ್ಯ ಸ್ಖಲನ, ಇವನ್ನು ಬಿಡಬೇಕೆಂದು ಸಾಮಾನ್ಯವಾಗಿ ಸೂಚಿಸುತ್ತಾರೆ. ಸೈಕಲ್ಲಿನಿಂದ ಪಿಎಸ್‌ಎ ನಿಜಕ್ಕೂ ಏರುತ್ತದೆಯೇ ಎಂಬುದರಲ್ಲಿ ಅಧ್ಯಯನಗಳಿಗೆ ಒಮ್ಮತವಿಲ್ಲ. ಇರಲಿ, ಎರಡು ದಿನ ಸುಮ್ಮನಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ. ಸುಳ್ಳು ಏರಿಕೆಯೊಂದು ಕಾಣಿಸಿಕೊಂಡರೆ ಮುಂದಿನ ಪರೀಕ್ಷೆಯವರೆಗೆ ಮನೆಮಂದಿಯೆಲ್ಲ ನಿದ್ದೆಗೆಡಬೇಕು. ಮೂತ್ರದ ಸೋಂಕು ಇದ್ದಾಗಲೂ ಪಿಎಸ್‌ಎ ಏರುತ್ತದೆ, ಅದನ್ನೂ ವೈದ್ಯರಿಗೆ ಹೇಳಿ. ಬಯಾಪ್ಸಿ ಆದ ಮೇಲೆ ಎಷ್ಟು ದಿನ ಬಿಡಬೇಕೆಂದು ಅವರನ್ನೇ ಕೇಳಿಕೊಳ್ಳಬೇಕು. ಮಾಡಿದ ವಿಧಾನ, ರಕ್ತಸ್ರಾವ ಎಲ್ಲವನ್ನೂ ನೋಡಿ ಅವರು ಹೇಳುತ್ತಾರೆ.

ಈಗ ಸೈಕಲ್ಲಿನ ಕೊರತೆಗಳು. ಹಿಡಿಕೆಯಲ್ಲಿ ನಾಡಿ ಎಣಿಸುವ ಲೋಹದ ತಗಡುಗಳಿವೆ. ಅವನ್ನು ನಂಬಬೇಡಿ. ಅಂಗೈ ಬೆವರಿದರೆ ಒಮ್ಮೆ 60 ತೋರಿಸುತ್ತದೆ, ಮರುಗಳಿಗೆ 170. ಕೋವಿಡ್ ಕಾಲದಲ್ಲಿ ಕೊಂಡು ಮೂಲೆಗೆ ಸೇರಿದ್ದ ಬೆರಳಿನ ಆಕ್ಸಿಮೀಟರ್ ಇದಕ್ಕಿಂತ ಎಷ್ಟೋ ವಾಸಿ. ತುಳಿಯುವಾಗ ಅಲ್ಲ, ನಿಧಾನಿಸಿ ಕೈ ಅಲುಗದೆ ಇಟ್ಟಾಗ ಅದು ಸರಿಯಾಗಿ ತೋರಿಸುತ್ತದೆ. ಇನ್ನು ಪರದೆಯಲ್ಲಿ ಬರುವ ಕ್ಯಾಲೊರಿ ಲೆಕ್ಕ ನಿಮ್ಮ ತೂಕವನ್ನೇ ಕೇಳದೆ ಹೇಳುವಂಥದ್ದು. ಅದರತ್ತ ನೋಡುವುದೇ ಬೇಡ. ಪೆಡಲ್ಲಿನ ಮೇಲೆ ಪಾದ ಬಿಗಿಯುವ ಪಟ್ಟಿ ತೀರ ತೆಳುವಾಗಿತ್ತು, ತುಂಡಾಯಿತು. ಬದಲಿ ಕೇಳಿದರೆ ಮಾರಿದವರ ದೂರವಾಣಿಯಲ್ಲಿ ಒಂದು ಒತ್ತಿ, ಎರಡು ಒತ್ತಿ ಎಂಬ ಧ್ವನಿ ಬಿಟ್ಟರೆ ಮನುಷ್ಯರು ಸಿಗಲಿಲ್ಲ. ಕೊನೆಗೆ ಪೇಟೆಯ ಚಪ್ಪಲಿ ರಿಪೇರಿಯವರು ಎರಡೆಳೆ ಹೊಲಿಗೆ ಹಾಕಿ ಚರ್ಮದ ಪಟ್ಟಿ ಮಾಡಿಕೊಟ್ಟರು. ಮೂಲದ್ದಕ್ಕಿಂತ ಗಟ್ಟಿಯಾಗಿದೆ.

ಮನೆಗೆ ತಲುಪಿಸುವುದರಲ್ಲೂ ತೊಂದರೆ ಇದೆ. ನಮ್ಮ ಹಳ್ಳಿಯವರೆಗೆ ಬರುವುದಿಲ್ಲವೆಂದು ಭಾರೀ ಪೆಟ್ಟಿಗೆಯನ್ನು ಪೇಟೆಯಲ್ಲೇ ಇಳಿಸಿದರು. ಜೋಡಿಸಿಕೊಡಲು ಯಾರೂ ಬರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಮಗ ಒಂದು ಸಂಜೆ ಕೂತು ಜೋಡಿಸಿದ. ಇಪ್ಪತ್ತು ಸಾವಿರದ ಮೇಲೆ ಕೊಟ್ಟು ಕೊಂಡ ವಸ್ತುವಿಗೆ ಕನ್ನಡದ ಒಂದು ಹಾಳೆಯನ್ನೂ ಇಟ್ಟಿರಲಿಲ್ಲ. ಪೆಡಲ್ ಕಚ್ಚಿಸುವಾಗ ಒಂದು ಮಾತು: ಎಡಗಡೆಯ ಪೆಡಲ್ಲಿನ ತಿರುಪು ತಿರುಗುವುದು ಉಲ್ಟಾ. ಬಲದ್ದರ ಹಾಗೆ ತಿರುಗಿಸಿ ಬಿಗಿದರೆ ಎಳೆ ಹಾಳಾಗುತ್ತದೆ. ಮಲೆನಾಡಿನವರು ನಟ್ಟುಬೋಲ್ಟುಗಳಿಗೆ ಮಳೆ ಶುರುವಾಗುವ ಮುಂಚೆ ತೆಳ್ಳಗೆ ಗ್ರೀಸ್ ಸವರಿ, ಇಲ್ಲವಾದರೆ ಶ್ರಾವಣದೊಳಗೆ ತುಕ್ಕು ಹಿಡಿಯುತ್ತದೆ.

ಎಷ್ಟು ಬಿರುಸಾಗಿ ತುಳಿಯಬೇಕು? ಕೆನಡಾದ ಎಡ್ಮಂಟನ್ನಿನಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯದವರು ನಡೆಸಿದ ಇರೇಸ್ ಎಂಬ ಪ್ರಯೋಗ ನನ್ನನ್ನು ಸೈಕಲ್ ಕೊಳ್ಳುವವರೆಗೆ ತಂದಿತು. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಅದರಲ್ಲಿದ್ದವರು ನಮ್ಮ ಹಾಗೆಯೇ ನಿಗಾದಲ್ಲಿದ್ದ 52 ಗಂಡಸರು. ಅರ್ಧದಷ್ಟು ಜನ ವಾರಕ್ಕೆ ಮೂರು ಸಲದಂತೆ 12 ವಾರ ಟ್ರೆಡ್‌ಮಿಲ್ ಮೇಲೆ ಎರಡು ನಿಮಿಷ ಬಿರುಸು, ಎರಡು ನಿಮಿಷ ನಿಧಾನ ಎಂಬ ಕ್ರಮದಲ್ಲಿ ಕಸರತ್ತು ಮಾಡಿದರು. ಉಳಿದರ್ಧ ಜನ ಎಂದಿನಂತೆ ಇದ್ದರು. ಕಸರತ್ತು ಮಾಡಿದವರ ಹೃದಯ, ಶ್ವಾಸಕೋಶಗಳ ತಾಕತ್ತು ಹೆಚ್ಚಿತು. ಅವರ ಪಿಎಸ್‌ಎ ಇನ್ನೊಂದು ಗುಂಪಿನವರಿಗಿಂತ ಕಡಿಮೆಯಾಯಿತು, ಏರುವ ವೇಗವೂ ತಗ್ಗಿತು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ಅವರ ರಕ್ತದ ಅಂಶವನ್ನು ಸೇರಿಸಿದಾಗ ಆ ಕೋಶಗಳ ಬೆಳವಣಿಗೆಯೂ ಕುಂಠಿತವಾಯಿತು. ಪಿಎಸ್‌ಎ ಇಮ್ಮಡಿಯಾಗುವ ಅವಧಿಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಐವತ್ತೆರಡು ಜನ, ಮೂರು ತಿಂಗಳು. ವ್ಯಾಯಾಮದಿಂದ ರೋಗವೇ ನಿಧಾನವಾಗುತ್ತದೆ ಎಂದು ತೀರ್ಪು ಕೊಡಲು ಇಷ್ಟು ಸಾಲದು. ನನಗೆ ಬೆವರು ಹರಿಸಲು ಸಾಕು.

ಅಲ್ಲಿ ತಜ್ಞರು ಪಕ್ಕದಲ್ಲಿದ್ದರು, ಮೊದಲೇ ಎಲ್ಲರ ತಾಕತ್ತು ಅಳೆದಿದ್ದರು. ನಾವು ಜಗುಲಿಯಲ್ಲಿ ಒಬ್ಬರೇ ಇರುತ್ತೇವೆ. ಹಾಗಾಗಿ ಬಿರುಸಿನ ಸುತ್ತುಗಳಿಗೆ ಇಳಿಯುವ ಮುಂಚೆ ಹೃದಯದ ವೈದ್ಯರನ್ನು ಕಂಡು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯವನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳುವುದು ಒಳ್ಳೆಯದು. ನಾನು ಮಾಡಿಸಿಕೊಂಡೇ ಶುರು ಮಾಡಿದೆ. ನನ್ನಂತೆ ಬಿಪಿಗೆ ಮೆಟೊಪ್ರೊಲಾಲ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಿಗೆ 220ರಲ್ಲಿ ವಯಸ್ಸು ಕಳೆದು ನಾಡಿಯ ಗರಿಷ್ಠ ಮಿತಿ ಕಂಡುಕೊಳ್ಳುವ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಆ ಮಾತ್ರೆ ನಾಡಿಯನ್ನೇ ತಗ್ಗಿಸುತ್ತದೆ. ಉಸಿರೇ ಅಳತೆಗೋಲು. ಮಾತಾಡಬಹುದು ಆದರೆ ಹಾಡಲಾಗದು ಎಂದರೆ ಮಧ್ಯಮ. ನಾಲ್ಕು ಮಾತಿಗೊಮ್ಮೆ ಉಸಿರು ಎಳೆಯಬೇಕಾದರೆ ಬಿರುಸು. ತಾಳಮದ್ದಲೆಯಲ್ಲಿ ಅರ್ಥ ಹೇಳುವ ಅಭ್ಯಾಸವಿರುವ ನಾನು ಒಂದು ಭಾಮಿನಿಯ ಸಾಲು ಹಿಡಿದು ನೋಡುತ್ತೇನೆ. ಅಂಕಿ ಎರಡರಲ್ಲಿ ಐದು ನಿಮಿಷ ತುಳಿದು ಮೈ ಬಿಸಿಯಾಗುವ ಹೊತ್ತಿಗೆ ಸಾಲು ಪೂರ್ತಿ ಬರುತ್ತದೆ. ಐದಕ್ಕೆ ಏರಿಸಿದರೆ ಮೂರನೆಯ ಗಣದಲ್ಲಿ ಉಸಿರು ಕಟ್ಟಿ ಬಾಯಿ ತೆರೆಯುತ್ತದೆ. ಎರಡು ನಿಮಿಷ ಹಾಗೆ ಇದ್ದು ಮತ್ತೆ ಎರಡಕ್ಕೆ ಇಳಿಸುತ್ತೇನೆ. ಇಳಿಸಿದ ಕೂಡಲೇ ಕಿವಿಯಲ್ಲಿ ಗುಂಯ್ ಎನ್ನುವ ರಕ್ತದ ಸದ್ದು, ಹಣೆಯಿಂದ ಹುಬ್ಬಿಗೆ ಇಳಿಯುವ ಬೆವರು, ತೊಡೆಯ ಮುಂಭಾಗದಲ್ಲಿ ಸಣ್ಣ ಉರಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಆ ದಿನ ಮುಗಿಯಿತು.

ರಬ್ಬರ್ ಪಟ್ಟಿಗಳ ವಿಷಯ. ಕ್ಯಾನ್ಸರ್ ಇದ್ದವರಿಗೂ ಇಲ್ಲದವರಿಗೂ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲದ ಕಸರತ್ತು ಬೇಕು ಎನ್ನುತ್ತವೆ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳು. ಡಂಬೆಲ್ ಕೈತಪ್ಪಿ ಕಾಲ ಮೇಲೆ ಬೀಳಬಹುದು, ಪಟ್ಟಿಗೆ ಆ ಭಯವಿಲ್ಲ. ಆಸ್ಪತ್ರೆಗಳಲ್ಲಿ ಬಳಸುವ ಥೆರಾಬ್ಯಾಂಡಿನಲ್ಲಿ ಬಣ್ಣವೇ ಬಿಗಿಯ ಗುರುತು: ಹಳದಿ ಸಡಿಲ, ಆಮೇಲೆ ಕೆಂಪು, ಹಸಿರು, ನೀಲಿ, ಕಪ್ಪು. ಅಗ್ಗದ ಕಟ್ಟುಗಳಲ್ಲಿ ಬಣ್ಣಕ್ಕೂ ಬಿಗಿಗೂ ಈ ನಂಟು ಇರುವುದಿಲ್ಲ, ಎಳೆದು ನೋಡಿಯೇ ತಿಳಿಯಬೇಕು. ನಾನು ಕೆಂಪಿನಿಂದ ಶುರು ಮಾಡಿ ಈಗ ಕಾಲಿಗೆ ನೀಲಿ, ತೋಳಿಗೆ ಹಸಿರು ಬಳಸುತ್ತೇನೆ. ಬಾಗಿಲಿಗೆ ಸಿಕ್ಕಿಸುವ ಕೊಕ್ಕೆ ಜೊತೆಗೆ ಬರುತ್ತದೆ. ನಮ್ಮ ಹಳೆಯ ಬಾಗಿಲುಗಳಿಗೆ ಅದು ಕೂರಲಿಲ್ಲ. ಜಗುಲಿಯ ಹಲಸಿನ ಕಂಬಕ್ಕೆ ಸುತ್ತು ಹಾಕಿದರೆ ಅದಕ್ಕಿಂತ ಭದ್ರ. ಕಂಬದ ಮೂಲೆ ಚೂಪಾಗಿದ್ದರೆ ನಡುವೆ ದಪ್ಪ ಬಟ್ಟೆ ಇಡಿ, ಇಲ್ಲವಾದರೆ ರಬ್ಬರ್ ಅಲ್ಲೇ ಸೀಳುತ್ತದೆ.

ನಮ್ಮ ಹವೆಗೆ ಪಟ್ಟಿಗಳು ಬೇಗ ಸೋಲುತ್ತವೆ. ಥಂಡಿಗೆ ಅಂಟಂಟಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ಮೇಲೆ ಬೂಷ್ಟು ಬರುತ್ತದೆ. ಒರೆಸಿ ನೆರಳಲ್ಲಿ ಆರಿಸಿ ಸ್ವಲ್ಪ ಪೌಡರ್ ಸವರಿ ಡಬ್ಬದಲ್ಲಿಡಬೇಕು. ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತವೆ. ಪ್ರತಿ ಸಲ ಎಳೆಯುವ ಮುಂಚೆ ಬೆಳಕಿಗೆ ಹಿಡಿದು ನೋಡುವುದು ಕಡ್ಡಾಯ. ಅಂಚಿನಲ್ಲಿ ಉಗುರಿನಷ್ಟು ಸೀಳು ಕಂಡರೂ ಎಸೆದುಬಿಡಿ. ಎಳೆದಾಗ ತುಂಡಾದ ಪಟ್ಟಿ ಕಣ್ಣಿಗೆ ಬಡಿಯುತ್ತದೆ.

ಈ ಎರಡಕ್ಕಿಂತ ನನಗೆ ಹೆಚ್ಚು ಹೇಳಬೇಕಿರುವುದು ಸೇವೆಯ ಬಗ್ಗೆ. ಮಗ ಮೊದಲು ಹಿಡಿದುಕೊಟ್ಟದ್ದು ವಿಡಿಯೊ ಕರೆಯ ಮೂಲಕ ಕಸರತ್ತು ಹೇಳಿಕೊಡುವ ಒಂದು ಸಂಸ್ಥೆ. ಹಣ ಮುಂಗಡ. ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಆ ಕಡೆಯವರು ನನ್ನನ್ನು ಹಾಸಿಗೆ ಹಿಡಿದ ರೋಗಿಯಂತೆ ಮಾತಾಡಿಸತೊಡಗಿದರು. ಕುರ್ಚಿಯಲ್ಲಿ ಕುಳಿತು ಕುತ್ತಿಗೆ ಆಡಿಸುವುದು, ಅಂಗೈ ಮುಚ್ಚಿ ತೆರೆಯುವುದು, ದೀರ್ಘ ಉಸಿರು. ಗ್ಲೀಸನ್ ಎಷ್ಟು, ಚಿಕಿತ್ಸೆ ಆಗಿದೆಯೇ, ಬಿಪಿ ಮಾತ್ರೆ ಯಾವುದು, ಮೊಣಕಾಲು ಹೇಗಿದೆ ಎಂದು ಒಂದು ಪ್ರಶ್ನೆಯಿಲ್ಲ. ನಿಗಾದಲ್ಲಿರುವ ಗಂಡಸು ಕೀಮೋ ತೆಗೆದುಕೊಳ್ಳುತ್ತಿಲ್ಲ, ಹಾರ್ಮೋನ್ ಚುಚ್ಚುಮದ್ದು ಪಡೆಯುತ್ತಿಲ್ಲ. ಅವನ ಮೈಯಲ್ಲಿ ಕಸುವು ಹಾಗೇ ಇದೆ. ಆ ಕಸುವನ್ನು ಬೆಳೆಸುವ ಕಾಲದಲ್ಲಿ ಅಂಗೈ ಆಡಿಸಲು ಹೇಳುವುದು ಅನ್ಯಾಯ. ಆಮೇಲೆ ಪ್ರೋಟೀನ್ ಪುಡಿಯ ಡಬ್ಬ ಕೊಳ್ಳಿ ಎಂಬ ಒತ್ತಾಯ ಶುರುವಾಯಿತು, "ರೋಗವೇ ಇಳಿಯುತ್ತದೆ" ಎಂಬ ಮಾತೂ ಬಂತು. ಅಲ್ಲಿಗೆ ನಾನು ಕರೆ ಮುಗಿಸಿದೆ. ಕಾಯಿಲೆಯವರ ಹೆದರಿಕೆಯನ್ನು ಬಂಡವಾಳ ಮಾಡಿಕೊಳ್ಳುವವರನ್ನು ನಾನು ಕ್ಷಮಿಸಲಾರೆ. ಮಳೆಯಲ್ಲಿ ನೆಟ್‌ವರ್ಕ್ ಕೈಕೊಟ್ಟು ಚಿತ್ರ ನಿಂತುಹೋಗುತ್ತಿದ್ದುದು ಅವರ ತಪ್ಪಲ್ಲ, ಅದನ್ನು ಎಣಿಸುವುದಿಲ್ಲ.

ಆಮೇಲೆ ಸಿಕ್ಕವರು ತಾಲ್ಲೂಕು ಕೇಂದ್ರದ ಒಬ್ಬ ಫಿಸಿಯೋಥೆರಪಿಸ್ಟ್. ನನ್ನ ಮಗಳ ವಯಸ್ಸಿನವರು. ಒಂದು ಭೇಟಿಗೆ 500 ರೂಪಾಯಿ, ಸ್ಕೂಟರಿನಲ್ಲಿ ಮನೆಗೇ ಬರುತ್ತಾರೆ. ಬಂದವರು ಮೊದಲು ನನ್ನ ಫೈಲು ಕೇಳಿ ಬಯಾಪ್ಸಿ ವರದಿಯಿಂದ ಔಷಧಿ ಚೀಟಿಯವರೆಗೆ ಎಲ್ಲವನ್ನೂ ಓದಿದರು. ಬಳಿಕ, "ಅಂಕಲ್, ಕೈ ಊರದೆ ಕುರ್ಚಿಯಿಂದ ಎದ್ದು ಕೂರಿ, ನಾನು ನೋಡುತ್ತೇನೆ" ಎಂದರು. ಎದ್ದೆ. ಬಲ ಮೊಣಕಾಲು ಒಳಕ್ಕೆ ವಾಲುತ್ತಿದೆ ಎಂದು ಅವರು ಹೇಳುವವರೆಗೆ ನನಗಾಗಲಿ ಮನೆಯವಳಿಗಾಗಲಿ ತಿಳಿದೇ ಇರಲಿಲ್ಲ. ಎರಡೂ ಮೊಣಕಾಲಿನ ಮೇಲ್ಭಾಗಕ್ಕೆ ಕೆಂಪು ಪಟ್ಟಿ ಸುತ್ತಿ, ಅದನ್ನು ಹೊರಕ್ಕೆ ಒತ್ತುತ್ತಲೇ ಏಳುವಂತೆ ಮಾಡಿಸಿದರು. ಕೂತಾಗ ಸೊಂಟದ ಹೊರಮಗ್ಗುಲಲ್ಲಿ ಹಿಂದೆಂದೂ ಕೆಲಸ ಮಾಡದಿದ್ದ ಜಾಗವೊಂದು ನೋಯತೊಡಗಿತು. "ಅದೇ ಬೇಕಾಗಿದ್ದದ್ದು" ಎಂದರು. ಪಟ್ಟಿ ಎಳೆಯುವಾಗ ನಾನು ಉಸಿರು ಹಿಡಿಯುತ್ತಿದ್ದುದನ್ನು ಕಂಡು, ಹಾಗೆ ಹಿಡಿದರೆ ಬಿಪಿ ಏರುತ್ತದೆ, ಎಳೆಯುವಾಗ ಬಿಡಿ, ಸಡಿಲಿಸುವಾಗ ತೆಗೆದುಕೊಳ್ಳಿ ಎಂದು ತಿದ್ದಿದರು.

ಇನ್ನೊಂದನ್ನೂ ಅವರು ಸಂಕೋಚವಿಲ್ಲದೆ ಕಲಿಸಿದರು: ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸ. ಹೊಟ್ಟೆ, ತೊಡೆ, ಪೃಷ್ಠ ಯಾವುದನ್ನೂ ಬಿಗಿಯದೆ ಒಳಗಿನದನ್ನು ಮಾತ್ರ ಮೇಲಕ್ಕೆ ಎತ್ತಬೇಕು. ಮುಂದೆ ಎಂದಾದರೂ ಶಸ್ತ್ರಚಿಕಿತ್ಸೆ ಬೇಕಾಗಿ ಬಂದರೆ ಮೂತ್ರ ಸೋರುವುದನ್ನು ಹತೋಟಿಗೆ ತರಲು ಈ ಅಭ್ಯಾಸವೇ ನೆರವಾಗುವುದು, ಆಗ ಕಲಿಯುವುದಕ್ಕಿಂತ ಈಗಲೇ ಕಲಿತಿರುವುದು ಮೇಲು ಎಂದರು. ನಮ್ಮ ಕಡೆಯ ಗಂಡಸರು ಇಂಥ ಮಾತು ಬಂದರೆ ಅಂಗಳಕ್ಕೆ ಎದ್ದು ಹೋಗುತ್ತಾರೆ. ದಯವಿಟ್ಟು ಹೋಗಬೇಡಿ, ಕೂತು ಕೇಳಿ.

ಮನಸ್ಸಿನ ಮಾತೊಂದು ಉಳಿದಿದೆ. ನಿಗಾದಲ್ಲಿ ಕಷ್ಟವಾಗುವುದು ಕಾಯುವುದು. ವರದಿ ಬರುವ ವಾರ ಊಟ ಸೇರುವುದಿಲ್ಲ, ಮನೆಯವಳು ದೇವರ ಮುಂದೆ ಹೆಚ್ಚು ಹೊತ್ತು ಕೂರುತ್ತಾಳೆ. ಸೈಕಲ್ ಆ ಕಳವಳವನ್ನು ಅಳಿಸಿಲ್ಲ. ಆದರೆ ತುಳಿದ ರಾತ್ರಿ ನಿದ್ದೆ ಬರುತ್ತದೆ. ಸದ್ಯಕ್ಕೆ ಔಷಧಿಯೇ ಬೇಡವೆಂದಿರುವ ಕಾಯಿಲೆಯಲ್ಲಿ ನನ್ನ ಕೈಯಿಂದ ನಾನೇ ಮಾಡುವ ಕೆಲಸವೊಂದು ಇದೆ ಎಂಬುದು ನನಗೆ ದೊಡ್ಡದು.

ಕೊಳ್ಳುವವರಿಗೆ: ಸೀಟು ಹಿಂದೆ ಮುಂದೆ ಸರಿಯುತ್ತದೆಯೇ ನೋಡಿ. ಪಾದ ಪೆಡಲ್ಲಿನ ಮೇಲಿಟ್ಟು ಚಾಚಿದಾಗ ಮೊಣಕಾಲು ಸ್ವಲ್ಪ ಮಡಚಿಯೇ ಇರಬೇಕು. ಎಷ್ಟು ತೂಕ ತಾಳುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿ, ನಿಮ್ಮ ತೂಕಕ್ಕಿಂತ ಸಾಕಷ್ಟು ಹೆಚ್ಚಿರಲಿ. ಪೆಡಲ್, ಪಟ್ಟಿ, ಸೀಟಿನ ಮೆತ್ತೆಗಳಿಗೆ ವಾರಂಟಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಅಷ್ಟು ಹಣ ಹೊಂದಿಸಲಾಗದವರು ಸೈಕಲ್ ಬಿಡಿ, ಪಟ್ಟಿಗಳ ಕಟ್ಟು ಮತ್ತು ಒಳ್ಳೆಯ ಫಿಸಿಯೋಥೆರಪಿಸ್ಟರ ಎರಡು ಭೇಟಿಗೆ ಖರ್ಚು ಮಾಡಿ. ಸಾವಿರದೈನೂರು, ಎರಡು ಸಾವಿರದಲ್ಲಿ ಮುಗಿಯುತ್ತದೆ. ಉಸಿರೇರುವ ಕಸರತ್ತಿಗೆ ಬೇಸಿಗೆಯಲ್ಲಿ ಬಿರುಸಿನ ನಡಿಗೆ ಸಾಕು. ಅಮೆರಿಕದಲ್ಲಿ 1455 ಪ್ರಾಸ್ಟೇಟ್ ರೋಗಿಗಳನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಮೂರು ಗಂಟೆಯಾದರೂ ಬಿರುಸಾಗಿ ನಡೆಯುತ್ತಿದ್ದವರಲ್ಲಿ ರೋಗ ಮುಂದುವರಿದದ್ದು ನಿಧಾನವಾಗಿ ನಡೆಯುವವರಿಗಿಂತ ಕಡಿಮೆಯಿತ್ತು. ನಡಿಗೆಯಿಂದಲೇ ಹಾಗಾಯಿತೆಂದು ಅದು ಸಾಬೀತು ಮಾಡುವುದಿಲ್ಲ, ಆದರೆ ಬಿರುಸು ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಮೆತ್ತಿಗೆ ಹೋಗುವ ಮೆಟ್ಟಿಲಿನ ಕೆಳಗಿನ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯಿರಿ, ಒಂದು ಕೈ ಗೋಡೆಯ ಮೇಲಿರಲಿ, ಒದ್ದೆ ಕಾಲಿನಲ್ಲಿ ಮಾತ್ರ ಬೇಡ.